ರಾಮನವಮಿಗೆ ಯಾರನ್ನು ಕರೆಯೋಣ

— ಮೇಷ್ಟ್ರೇ, ಈ ಸಲ ರಾಮನವಮಿಗೆ ಭಾಷಣಕ್ಕೆ ಪ್ರಮೋದ್ ಮುತಾಲಿಕ್ ಅವರನ್ನೇ ಕರೆಸಬೇಕು ಅಂತ ನಮ್ಮ ಹುಡುಗರು ಹಟ ಹಿಡಿದಿದ್ದಾರೆ. ಅವರಿಗೆ ಬಿಡುವಿಲ್ಲದಿದ್ದರೆ ಶ್ರೀರಾಮಸೇನೆಯ ಬೇರೆ ಯಾರಾದರೂ ಸರಿ. ಅಧ್ಯಕ್ಷತೆಗೆ ನಿಮ್ಮ ಹೆಸರು ಬಂತು. ಮುಳಬಾಗಿಲಿಗೆ ಹೋಗಿ ಕೇಳಿಕೊಂಡು ಬಾ ಅಂತ ನನ್ನನ್ನ ಕಳಿಸಿದ್ದಾರೆ.

— ಅಷ್ಟು ದೂರ ಬಂದಿದ್ದೀಯ, ಮೊದಲು ಕಾಫಿ ಕುಡಿ. ರಾಮನವಮಿಗೆ ಕರೆದರೆ ಖಂಡಿತ ಬರ್ತೀನಿ, ಪಾನಕ ಹಂಚು ಅಂದ್ರೂ ಹಂಚ್ತೀನಿ. ಆ ಭಾಷಣದ ಅಧ್ಯಕ್ಷತೆ ಮಾತ್ರ ನನ್ನಿಂದ ಆಗೋದಿಲ್ಲ.

— ನೀವು ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು. ಒಬ್ಬ ಮನುಷ್ಯನ ಮಾತು ಕೇಳೋದಕ್ಕೂ ಬೇಡ ಅಂದ್ರೆ ಹೇಗೆ ಸಾರ್?

— ಕೇಳದೆ ಹೇಳ್ತಿಲ್ಲ ಕಣೋ. ನೀನು ಹುಟ್ಟೋಕೆ ಮುಂಚಿನಿಂದ ಪತ್ರಿಕೆಯಲ್ಲಿ ಅವರನ್ನ ಓದಿಕೊಂಡು ಬಂದಿದ್ದೀನಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯವರು. ಸಂಘದ ಶಾಖೆಯಲ್ಲಿ ಬೆಳೆದು ಬಜರಂಗದಳದ ದಕ್ಷಿಣ ಭಾರತದ ಸಂಚಾಲಕರಾದರು. ಹುಬ್ಬಳ್ಳಿ ಈದ್ಗಾ ಮೈದಾನದ ಧ್ವಜದ ಗಲಾಟೆ, 1994ರ ಗೋಲಿಬಾರು, ಆಮೇಲೆ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ದತ್ತಪೀಠದ ಚಳವಳಿ, ಈ ಕಾಲದಲ್ಲೇ ಅವರ ಹೆಸರು ಊರೂರಿಗೆ ಮುಟ್ಟಿದ್ದು. ನಂತರ ಮಾತೃಸಂಘಟನೆಯ ಜತೆ ಮುನಿಸಾಗಿ ಹೊರಬಂದರು, ಸ್ವಲ್ಪ ಕಾಲ ಶಿವಸೇನೆಯಲ್ಲಿದ್ದರು, ಕೊನೆಗೆ ತಮ್ಮದೇ ಶ್ರೀರಾಮಸೇನೆ ಕಟ್ಟಿದರು. ಒಂದೇ ಮಾತಿಗೆ ಅಂಟಿಕೊಂಡು ಇಷ್ಟು ವರ್ಷ ಊರೂರು ಅಲೆದ ಮನುಷ್ಯ ಅನ್ನೋದನ್ನ ನಾನು ಅಲ್ಲಗಳೆಯೋದಿಲ್ಲ.

— ಅದೇ ಸಾರ್ ನಮಗೆ ಹಿಡಿಸೋದು. ಬೇರೆಯವರೆಲ್ಲ ಓಟಿಗೋಸ್ಕರ ಒಂದೊಂದು ದಿನ ಒಂದೊಂದು ಮಾತಾಡ್ತಾರೆ. 2021ರ ನವೆಂಬರ್‌ನಲ್ಲಿ ನನ್ನ ತಮ್ಮ ದತ್ತಮಾಲೆ ಹಾಕಿದ್ದ. ಕೋಲಾರದಲ್ಲಿ ಬಸ್ಸಿಗೆ ಕಲ್ಲು ಬಿತ್ತಲ್ಲ, ಅದರಲ್ಲಿ ಅವನೂ ಇದ್ದ. ಪಡಿ ಅಕ್ಕಿಯ ಗಂಟನ್ನ ತೊಡೆ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದನಂತೆ. ಮನೆಗೆ ಬಂದಾಗ ಕೇಸರಿ ಶಾಲು ಕೊಡವಿದರೆ ಗಾಜಿನ ಚೂರು ಉದುರಿದವು. ಆ ಅಕ್ಕಿಯಲ್ಲೂ ಚೂರು. ಅಮ್ಮ ಅಷ್ಟನ್ನೂ ಬಾವಿ ಕಟ್ಟೆ ಹತ್ತಿರ ಸುರಿದು ಅತ್ತಳು. ಆವತ್ತು ನಮ್ಮ ಪರವಾಗಿ ಬಾಯಿ ಬಿಟ್ಟವರು ಯಾರು? ಬಂದ್‌ಗೆ ಕರೆ ಕೊಟ್ಟವರು ಯಾರು? ನಿಮ್ಮಂಥವರು ಒಬ್ಬರಾದ್ರೂ ನಮ್ಮ ಮನೆಗೆ ಬಂದ್ರಾ?

— ಬರಲಿಲ್ಲ. ಬರಬೇಕಿತ್ತು. ಕಲ್ಲು ಹೊಡೆದದ್ದು ಅಪರಾಧ, ಅದಕ್ಕೆ ಹಿಂದೆ ಮುಂದೆ ಏನೂ ಸೇರಿಸೋದಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಇದೇ ಮುಳಬಾಗಿಲಲ್ಲಿ ಶೋಭಾಯಾತ್ರೆ ಮೇಲೆ ಕಲ್ಲು ಬಿತ್ತಲ್ಲ, ಅದೂ ಅಪರಾಧವೇ. ದೇವರ ಹೆಸರಲ್ಲಿ ಹೊರಟವನ ಮೈಮೇಲೆ ಕಲ್ಲು ಬೀಳಬಾರದು. ಹೊಡೆದವನು ಯಾರೇ ಆಗಿರಲಿ, ಅವನನ್ನ ಹೆಸರು ಹಿಡಿದು ಕೋರ್ಟಿಗೆ ಎಳೀಬೇಕು.

— ಹಾಗಾದ್ರೆ ನಮ್ಮ ಮಾತು ನೀವೂ ಒಪ್ಪಿದ ಹಾಗಾಯ್ತು.

— ಕಲ್ಲು ಹೊಡೆದವನನ್ನ ಹಿಡೀಬೇಕು ಅನ್ನೋದನ್ನ ಒಪ್ಪಿದೆ. ಅವನ ಜಾತಿ, ಅವನ ಬೀದಿ, ಅವನ ಮಸೀದಿಗೆ ಬರೋ ಮುದುಕರನ್ನೆಲ್ಲ ಸೇರಿಸಿ ಅಪರಾಧಿ ಅನ್ನೋ ಮಾತಿಗೆ ನಾನು ಸೇರೋದಿಲ್ಲ. ಮುತಾಲಿಕ್ ಅವರ ಇಡೀ ರಾಜಕಾರಣ ನಿಂತಿರೋದು ಆ ಎರಡನೇ ಮಾತಿನ ಮೇಲೆ. ನಿನ್ನ ತಮ್ಮನ ಶಾಲಿನಲ್ಲಿದ್ದ ಗಾಜಿನ ಚೂರಿಗೆ ಅವರ ಹತ್ತಿರ ಒಂದೇ ಮದ್ದು, ಇನ್ನಷ್ಟು ಸಿಟ್ಟು.

— ನಮ್ಮ ಹೆಣ್ಣುಮಕ್ಕಳ ಬಗ್ಗೆ, ಸಂಸ್ಕೃತಿ ಬಗ್ಗೆ ಅಷ್ಟು ಕಾಳಜಿ ಇನ್ಯಾರಿಗಿದೆ ಸಾರ್?

— 2009ರ ಜನವರಿ 24 ನಿನಗೆ ನೆನಪಿರಲಾರದು, ಆಗ ನೀನು ಎಂಟನೇ ಕ್ಲಾಸೋ ಏನೋ. ಮಂಗಳೂರಿನ ಅಮ್ನೇಷಿಯಾ ಅನ್ನೋ ಪಬ್ಬಿಗೆ ಅವರ ಸೇನೆಯ ಹುಡುಗರು ನುಗ್ಗಿದರು. ಹುಡುಗಿಯರನ್ನ ಕೂದಲು ಹಿಡಿದು ಎಳೆದರು, ಓಡುವವರನ್ನ ಅಟ್ಟಿಸಿಕೊಂಡು ಹೋಗಿ ಹೊಡೆದರು, ಒಬ್ಬಳು ಎಡವಿ ಬಿದ್ದಳು. ಟಿವಿ ಕ್ಯಾಮೆರಾದವರು ಅಲ್ಲೇ ಇದ್ದರು, ಇಡೀ ದೇಶ ನೋಡಿತು. ಮುತಾಲಿಕ್ ಅದನ್ನ ಸಂಸ್ಕೃತಿ ರಕ್ಷಣೆ ಅಂತ ಸಮರ್ಥಿಸಿದರು. ಅದು ತಣ್ಣಗಾಗೋ ಮುಂಚೆಯೇ ಪ್ರೇಮಿಗಳ ದಿನ ಜೋಡಿಯಾಗಿ ಸಿಕ್ಕವರಿಗೆ ಅರಿಸಿನ ಕೊಂಬು, ತಾಳಿ ಇಟ್ಟುಕೊಂಡು ಅಲ್ಲೇ ಮದುವೆ ಮಾಡಿಸ್ತೀವಿ ಅಂದರು. ಅದಕ್ಕೆ ಪ್ರತಿಯಾಗಿ ದೇಶದ ಮೂಲೆಮೂಲೆಯಿಂದ ಹೆಣ್ಣುಮಕ್ಕಳು ಗುಲಾಬಿ ಬಣ್ಣದ ಚಡ್ಡಿಗಳನ್ನ ಹುಬ್ಬಳ್ಳಿಗೆ ಪಾರ್ಸೆಲ್ ಮಾಡಿದರು. ಒಂಬತ್ತು ವರ್ಷ ಕೇಸು ನಡೀತು. 2018ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯ ಸಾಲದು ಅಂತ ಎಲ್ಲರನ್ನೂ ಬಿಟ್ಟಿತು.

— ಕೋರ್ಟೇ ಬಿಟ್ಟ ಮೇಲೆ ನಾವು ಯಾಕೆ ಎತ್ತಾಡಬೇಕು?

— ಕಾನೂನಿನ ಪ್ರಕಾರ ಅವರು ಖುಲಾಸೆ, ಅದನ್ನ ಒಪ್ಪುತ್ತೀನಿ. ನಾನು ಎತ್ತಾಡೋದು ಅವರು ಬಾಯಿಬಿಟ್ಟು ಹೇಳಿದ ಮಾತನ್ನ. ಹೆಣ್ಣು ಎಲ್ಲಿಗೆ ಹೋಗಬೇಕು, ಯಾರ ಜತೆ ಕೂರಬೇಕು ಅನ್ನೋದನ್ನ ಬೀದಿಯಲ್ಲಿ ನಿಂತ ಹುಡುಗರು ತೀರ್ಮಾನ ಮಾಡ್ತಾರೆ ಅನ್ನೋ ಮಾತು ಅದು. ನಿನ್ನ ತಂಗಿ ನರಸಾಪುರದ ಫೋನ್ ಫ್ಯಾಕ್ಟರಿಗೆ ಹೋಗ್ತಾಳಲ್ಲ?

— ಹೌದು, ಶಿಫ್ಟು. ಒಂದೊಂದು ವಾರ ನೈಟು.

— ರಾತ್ರಿ ಪಾಳಿ ಮುಗಿಸಿಕೊಂಡು ಕಂಪನಿ ಬಸ್ಸಿನಿಂದ ಕ್ರಾಸಿನಲ್ಲಿ ಇಳೀತಾಳೆ. ಯಾರೋ ಸಹೋದ್ಯೋಗಿ ಬೈಕಿನಲ್ಲಿ ಊರು ಬಾಗಿಲತನಕ ಬಿಡ್ತಾನೆ ಅಂತ ಇಟ್ಟುಕೋ. ಅವನ ಹೆಸರೇನು, ನೀನು ಯಾಕೆ ಅವನ ಬೈಕು ಹತ್ತಿದೆ ಅಂತ ನಾಲ್ಕು ಜನ ಅಡ್ಡಗಟ್ಟಿ ಕೇಳಿದರೆ ನಿನಗೆ ಹೇಗಾಗುತ್ತೆ? ಕೋಲಾರದ ಕಡೆಯ ಹೆಣ್ಣುಮಕ್ಕಳು ಇವತ್ತು ದುಡಿದು ಮನೆಯ ಸಾಲ ತೀರಿಸ್ತಿದ್ದಾರೆ. ಕತ್ತಲಲ್ಲಿ ಧೈರ್ಯವಾಗಿ ಓಡಾಡೋಕೆ ಆಗೋದ್ರಿಂದ ಅದು ಸಾಧ್ಯವಾಗಿದೆ. ಆ ಧೈರ್ಯ ಕಳೆದರೆ ಮೊದಲು ಕಳೆದುಕೊಳ್ಳೋರು ನಾವೇ.

— ನನ್ನ ತಂಗಿ ಬೇರೆ, ಪಬ್ಬಿಗೆ ಹೋಗೋರು ಬೇರೆ.

— ಅಡ್ಡಗಟ್ಟೋನಿಗೆ ಆ ವ್ಯತ್ಯಾಸ ಗೊತ್ತಿರುತ್ತಾ?

— ...ಅದು ಬಿಡಿ. ರಾಜಕೀಯದಲ್ಲಿ ಅವರಿಗೆ ಅನ್ಯಾಯ ಆಗಲಿಲ್ವಾ? ಪಕ್ಷಕ್ಕೆ ಸೇರಿಸಿಕೊಂಡು ಅವತ್ತೇ ಹೊರಗೆ ಹಾಕಿದರು.

— 2014ರ ಮಾರ್ಚ್ 23, ಹುಬ್ಬಳ್ಳಿಯಲ್ಲಿ. ಹಾರ ಹಾಕಿ ಬಿಜೆಪಿಗೆ ಸೇರಿಸಿಕೊಂಡರು, ಕೆಲವೇ ಗಂಟೆಯಲ್ಲಿ ದೆಹಲಿಯಿಂದ ಬಂದ ಮಾತಿಗೆ ಸದಸ್ಯತ್ವ ರದ್ದಾಯಿತು. ಅದೇ ವರ್ಷ ಗೋವಾ ಸರ್ಕಾರ ಅವರು ರಾಜ್ಯದೊಳಕ್ಕೆ ಕಾಲಿಡಬಾರದು ಅಂತ ನಿಷೇಧ ಹಾಕಿತು. ಅಲ್ಲಿದ್ದದ್ದು ಮನೋಹರ್ ಪರಿಕ್ಕರ್ ಸರ್ಕಾರ, ಅದೂ ಬಿಜೆಪಿಯದೇ. ಇವರು ಸುಪ್ರೀಂ ಕೋರ್ಟಿಗೆ ಹೋದರು, 2015ರಲ್ಲಿ ಅಲ್ಲೂ ಪರಿಹಾರ ಸಿಗಲಿಲ್ಲ. 2023ರಲ್ಲಿ ಕಾರ್ಕಳದಲ್ಲಿ ಸುನಿಲ್ ಕುಮಾರ್ ವಿರುದ್ಧ ಪಕ್ಷೇತರರಾಗಿ ನಿಂತರು. ಸುನಿಲ್ ಕುಮಾರ್ ಕೂಡ ಬಜರಂಗದಳದಿಂದ ಬಂದವರು, ದತ್ತಪೀಠದ ಚಳವಳಿಯಲ್ಲಿದ್ದವರು. ಮುತಾಲಿಕರಿಗೆ ಬಿದ್ದದ್ದು ನಾಲ್ಕೂವರೆ ಸಾವಿರದ ಆಸುಪಾಸಿನ ಓಟು.

— ಅಷ್ಟೇ ಓಟಿನ ಮನುಷ್ಯ ಅಂದಮೇಲೆ ನಿಮಗೆ ಅಷ್ಟೊಂದು ಭಯ ಯಾಕೆ?

— ಓಟು ಎಣಿಸಿದರೆ ಅವರು ಕೈಗೆ ಸಿಗೋದಿಲ್ಲ. 2022ರ ಬೇಸಿಗೆಯನ್ನ ಒಂದು ಸಲ ಮನಸ್ಸಿಗೆ ತಂದುಕೋ. ಮೊದಲು ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಕೊಡಬೇಡಿ ಅಂತ ಫಲಕ ಎದ್ದವು. ವಿಧಾನಸಭೆಯಲ್ಲಿ ಕೇಳಿದಾಗ ಕಾನೂನು ಮಂತ್ರಿಗಳು 2002ರ ಮುಜರಾಯಿ ನಿಯಮ ತೋರಿಸಿದರು. ಯುಗಾದಿ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಬೇಡ ಅನ್ನೋ ಮಾತು. ಅದರ ಹಿಂದೆಯೇ ಮಾವು, ಹಣ್ಣನ್ನ ಮುಸ್ಲಿಂ ವ್ಯಾಪಾರಿಗಳ ಹತ್ತಿರ ಕೊಳ್ಳಬೇಡಿ ಅನ್ನೋ ಕರೆ. ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗೀಕೇರಿ ಹನುಮಂತನ ಗುಡಿ ಮುಂದೆ ಒಬ್ಬ ಮುದುಕರ ಕಲ್ಲಂಗಡಿ ರಾಶಿಯನ್ನ ನೆಲಕ್ಕೆ ಬಡಿದು ಒಡೆದರು, ಶ್ರೀರಾಮಸೇನೆಯವರು ಅಂತ ನಾಲ್ವರನ್ನ ಪೊಲೀಸರು ಹಿಡಿದರು. ಮೇ 9ಕ್ಕೆ ಆಜಾನ್‌ಗೆ ಎದುರಾಗಿ ಗುಡಿಗಳಲ್ಲಿ ಮೈಕು ಹಾಕಿ ಹನುಮಾನ್ ಚಾಲೀಸಾ ಅಂದರು ಮುತಾಲಿಕ್. ಮಾರನೇ ದಿನ ಧ್ವನಿವರ್ಧಕದ ಬಗ್ಗೆ ಸರ್ಕಾರದ ಸುತ್ತೋಲೆ ಬಂತು. 2009ರಲ್ಲಿ ಇವರ ಜತೆ ಫೋಟೋಗೆ ನಿಲ್ಲೋಕೆ ಹಿಂಜರೀತಿದ್ದವರು 2022ರಲ್ಲಿ ಇವರ ಬೇಡಿಕೆಗಳನ್ನೇ ವೇದಿಕೆ ಮೇಲೆ ಮಾತಾಡ್ತಿದ್ದರು. ಹಾರ ಹಾಕಿದ ಪಕ್ಷ ಇವರನ್ನ ಕೈಬಿಟ್ಟಿತು, ಇವರ ಮಾತನ್ನ ಕೈಬಿಡಲಿಲ್ಲ. ನನಗೆ ಆತಂಕ ಇರೋದು ಅದರ ಬಗ್ಗೆ.

— ಜನ ಒಪ್ಪಿದ್ದಕ್ಕೆ ತಾನೆ ಮಾತು ನಡೆದದ್ದು?

— ನಿನ್ನ ತೋಟದ ವಿಷಯ ಹೇಳು. ಆ ವರ್ಷ ನಿನ್ನ ತೋಟ ಯಾರು ಹಿಡಿದಿದ್ದರು?

— ಯಾವಾಗಲೂ ಹಿಡಿಯೋರೇ. ಶ್ರೀನಿವಾಸಪುರದ ಭಾಯಿ. ನಮ್ಮಪ್ಪನ ಕಾಲದಿಂದ ಅವರೇ.

— ಹೇಗೆ ಹಿಡೀತಾರೆ, ನನಗೆ ಬಿಡಿಸಿ ಹೇಳು. ನಾನು ಗಣಿತ ಪಾಠ ಮಾಡಿದವನು, ಮಾವಿನ ಲೆಕ್ಕ ನನಗೆ ತಿಳೀದು.

— ಹೂವು ಬಿಟ್ಟಾಗ ತೋಟ ಸುತ್ತಿ ನೋಡ್ತಾರೆ. ಬಾದಾಮಿ ಎಷ್ಟು ಮರ, ರಸಪೂರಿ ಎಷ್ಟು, ತೋತಾಪುರಿ ಎಷ್ಟು, ಯಾವ ಮರ ಈ ಸಲ ಚಿಗುರಿಗೆ ಹೋಗಿದೆ, ಎಲ್ಲ ಕಣ್ಣಲ್ಲೇ ಲೆಕ್ಕ. ಟವಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿದು ಬೆಲೆ ಮಾತಾಡ್ತಿದ್ದರು ಅಪ್ಪನ ಕಾಲದಲ್ಲಿ, ಈಗ ಬಾಯಲ್ಲೇ. ಅಡ್ವಾನ್ಸ್ ಕೈಗೆ ಕೊಡ್ತಾರೆ. ಅಲ್ಲಿಂದ ಔಷಧಿ ಹೊಡೆಸೋದು, ಕಾವಲು, ಕಾಯಿ ಇಳಿಸೋದು, ಮಂಡಿಗೆ ಸಾಗಿಸೋದು ಅವರ ಪಾಲು. ಆಲಿಕಲ್ಲು ಬಿದ್ದರೆ ಮೊದಲ ಹೊಡೆತ ಅವರಿಗೆ.

— ಕಾಗದ ಪತ್ರ?

— ಎಂಥ ಕಾಗದ? ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹೂವೇ ಬಿಟ್ಟಿರಲಿಲ್ಲ, ಆಗಲೇ ಅರ್ಧ ದುಡ್ಡು ತಂದುಕೊಟ್ಟಿದ್ದರು. ಅದನ್ನ ಬರೆದುಕೊಂಡವರೂ ಇಲ್ಲ.

— 2022ರಲ್ಲಿ ಆ ಕರೆ ಬಂದಾಗ ನೀನು ಏನು ಮಾಡಿದೆ?

— ...ಅವರಿಗೇ ಕೊಟ್ಟೆ. ಹುಡುಗರು ಕೇಳಿದರು. ಹೂವಿನ ಮೇಲೆ ಅಡ್ವಾನ್ಸ್ ಕೊಡೋಕೆ ನಮ್ಮವರು ಯಾರಾದ್ರೂ ಇದ್ದರೆ ಕರೆದುಕೊಂಡು ಬನ್ನಿ ಅಂದೆ. ಯಾರೂ ಬರಲಿಲ್ಲ.

— ಆ ಕರೆ ಕೊಟ್ಟವರು ನಿನ್ನ ತೋಟ ನೋಡಿರಲಿಲ್ಲ. ಇನ್ನೊಂದು ಮಾತು. ಮಾವು ಬೆಳೆಗಾರನ ಕುತ್ತಿಗೆಗೆ ಕುಣಿಕೆ ಬಿದ್ದದ್ದು ಯಾವಾಗ? 2025ರ ಜೂನ್‌ನಲ್ಲಿ. ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿ ಗಡಿ ದಾಟಬಾರದು ಅಂತ ತಡೆ ಹಾಕಿತು. ನಮ್ಮ ಕಾಯಿ ಹೋಗೋದೇ ಅಲ್ಲಿನ ತಿರುಳಿನ ಫ್ಯಾಕ್ಟರಿಗಳಿಗೆ. ಇಲ್ಲಿ ಬೆಲೆ ನೆಲ ಕಚ್ಚಿತು, ರೈತರು ರಸ್ತೆಗೆ ಮಾವು ಸುರಿದರು, ಶ್ರೀನಿವಾಸಪುರ ಬಂದ್ ಆಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರದಲ್ಲಿ ಎರಡೂವರೆ ಲಕ್ಷ ಟನ್ನಿನವರೆಗೆ ಬೆಂಬಲ ಕೊಡೋಕೆ ಒಪ್ಪಿತು. ಗಡಿ ಮುಚ್ಚಿದವರಿಗೂ ಭಾಯಿಯ ಧರ್ಮಕ್ಕೂ ಏನು ಸಂಬಂಧ? ನಮ್ಮ ಜಿಲ್ಲೆಯಲ್ಲಿ ಇಷ್ಟು ಮಾವು ಬೆಳೆದೂ ತಿರುಳು ತೆಗೆಯೋಕೆ ಪಕ್ಕದ ರಾಜ್ಯದ ಬಾಗಿಲು ಕಾಯಬೇಕಲ್ಲ, ಆ ಸಿಟ್ಟನ್ನ ವೇದಿಕೆ ಮೇಲೆ ಆಡೋನನ್ನ ಕರೆಸು, ಅಧ್ಯಕ್ಷತೆ ನಾನು ವಹಿಸ್ತೀನಿ.

— ಎಲ್ಲವನ್ನೂ ದುಡ್ಡಿನ ಲೆಕ್ಕಕ್ಕೆ ತಂದರೆ ಆಗಲ್ಲ ಸಾರ್. ಇಲ್ಲೇ ಸೋಮೇಶ್ವರಪಾಳ್ಯದ ಸರ್ಕಾರಿ ಶಾಲೆಯಲ್ಲಿ ನಮಾಜ್ ಮಾಡಿಸಲಿಲ್ವಾ? ಅದನ್ನ ಪ್ರಶ್ನೆ ಮಾಡಿದ್ದೂ ತಪ್ಪಾ?

— ಪ್ರಶ್ನೆ ಮಾಡಿದ್ದು ತಪ್ಪಲ್ಲ. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಹೇಳ್ತೀನಿ. 2022ರ ಜನವರಿಯಲ್ಲಿ ನಡೆದದ್ದು. ಶುಕ್ರವಾರ ಮಧ್ಯಾಹ್ನ ಹೋದ ಮಕ್ಕಳು ವಾಪಸ್ ತರಗತಿಗೆ ಬರೋದಿಲ್ಲ ಅನ್ನೋದು ಆಗ ಬಂದ ವಿವರಣೆ. ಈ ತಾಪತ್ರಯ ನನಗೂ ಇತ್ತು. ಸರ್ಕಾರಿ ಶಾಲೆಯ ತರಗತಿಯನ್ನ ಪ್ರಾರ್ಥನೆಗೆ ಬಿಟ್ಟುಕೊಟ್ಟದ್ದು ಸರಿಯಲ್ಲ. ನಾನಾಗಿದ್ದರೆ ಎಸ್‌ಡಿಎಂಸಿ ಸಭೆ ಕರೆದು, ತಂದೆತಾಯಿಯನ್ನ ಕೂರಿಸಿ, ಎರಡು ಗಂಟೆಯೊಳಗೆ ಮಗು ಬೆಂಚಿನಲ್ಲಿರಬೇಕು ಅಂತ ಬರೆಸಿಕೊಳ್ತಿದ್ದೆ. ಅಲ್ಲಿಗೆ ಮುಗಿಯೋ ಮಾತು. ಆದದ್ದು ಬೇರೆ. ವಿಡಿಯೋ ಹರಿದಾಡಿತು, ಪ್ರತಿಭಟನೆ ಆಯಿತು, ಮುಖ್ಯ ಶಿಕ್ಷಕಿ ಅಮಾನತಾದರು. ಹತ್ತು ಹನ್ನೊಂದು ವರ್ಷದ ಮಕ್ಕಳು ತಾವೇನೋ ಘೋರ ತಪ್ಪು ಮಾಡಿದ್ದೀವಿ ಅಂತ ಟಿವಿಯಲ್ಲಿ ತಮ್ಮ ಶಾಲೆಯನ್ನ ನೋಡಿದರು. ಆ ಮಕ್ಕಳು ಕನ್ನಡ ಶಾಲೆಗೆ ಬಂದು ಕೂತಿದ್ದರು ಕಣೋ. ಉರ್ದು ಮನೆಮಾತಿನ ಮಗು ಕನ್ನಡ ಶಾಲೆಗೆ ಬರಲಿ ಅಂತ ನಾವು ಎಷ್ಟು ಮನೆ ಬಾಗಿಲು ತಟ್ಟಿದ್ದೀವಿ ಅಂತ ನಿನಗೆ ಗೊತ್ತಿಲ್ಲ.

— ಕೋಲಾರದ ಕ್ಲಾಕ್ ಟವರಿಗೆ ತ್ರಿವರ್ಣ ಹಚ್ಚಿದ್ದು?

— ಅದೇ ವರ್ಷ ಮಾರ್ಚ್‌ನಲ್ಲಿ. ರಾಷ್ಟ್ರಧ್ವಜ ಎಲ್ಲಿ ಹಾರಿದರೂ ನನಗೆ ಸಂತೋಷ. ಪೊಲೀಸ್ ಕಾವಲಿಲ್ಲದೆ ಹಾರಿದ್ದರೆ ಇನ್ನೂ ಸಂತೋಷ.

— ಹಿಂದೂಗಳೆಲ್ಲ ಒಂದಾಗಲಿ ಅಂತ ಅವರು ಹೇಳ್ತಾರೆ. ಅದರಲ್ಲಿ ಕೆಟ್ಟದ್ದೇನು?

— ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. 2022ರ ಸೆಪ್ಟೆಂಬರ್. ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಗೆ ಅರವತ್ತು ಸಾವಿರ ದಂಡ. ಆ ತಾಯಿ ಗೋಡೆ ಮೇಲಿದ್ದ ದೇವರ ಪಟ ಇಳಿಸಿ ಅಂಬೇಡ್ಕರ್ ಪಟ ಹಾಕಿದಳು. ಅದೇ ಮಾಲೂರಿನ ಹುಣಸಿಕೋಟೆಯ ದೌರ್ಜನ್ಯದ ವಿರುದ್ಧ ದಲಿತ ಸಂಘರ್ಷ ಸಮಿತಿ ಪಾದಯಾತ್ರೆ ಹೊರಟು ನಲವತ್ತು ವರ್ಷದ ಮೇಲಾಗಿತ್ತು ಆಗ. ಹಿಂದೂ ಅಂದ್ರೆ ಒಂದು ಅನ್ನೋ ಮಾತನ್ನ ಆ ಮನೆ ಬಾಗಿಲಲ್ಲಿ ನಿಂತು ಹೇಳೋಕೆ ಯಾರಿಗೆ ಬಾಯಿ ಬರುತ್ತೆ?

— ಅಸ್ಪೃಶ್ಯತೆ ತಪ್ಪು ಅಂತ ಅವರೂ ಹೇಳ್ತಾರೆ ಸಾರ್.

— ಹೇಳಲಿ, ಬೇಡ ಅನ್ನೋರು ಯಾರು? ಆದರೆ ಅಂಗಡಿ ಬಹಿಷ್ಕಾರಕ್ಕೆ, ಮೈಕಿಗೆ ದಿನಾಂಕ ಗೊತ್ತುಮಾಡಿ ಗಡುವು ಕೊಟ್ಟಂತೆ ಒಂದು ಗುಡಿಯ ಬಾಗಿಲಿಗೆ ಗಡುವು ಕೊಡಲಿ. ನಮ್ಮ ಜಿಲ್ಲೆಯಲ್ಲಿ ಹತ್ತಕ್ಕೆ ಮೂರು ಜನ ಪರಿಶಿಷ್ಟರು. ಅವರಿಗೆ ಬೇಕಾದ ಒಗ್ಗಟ್ಟು ಅಲ್ಲಿಂದ ಶುರುವಾಗುತ್ತೆ.

— ನೀವು ಅವರ ಒಂದು ಮಾತನ್ನೂ ಒಪ್ಪೋದಿಲ್ಲ.

— ಎರಡು ಮಾತು ನೆನಪಿಸ್ತೀನಿ, ಒಪ್ಪಬೇಕೋ ಬೇಡವೋ ನೀನೇ ಹೇಳು. ಗೌರಿ ಲಂಕೇಶ್ ಅವರನ್ನ 2017ರ ಸೆಪ್ಟೆಂಬರ್ 5ರಂದು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಮುಂದಿನ ವರ್ಷ ಜೂನ್‌ನಲ್ಲಿ, ಪ್ರಧಾನಿ ಯಾಕೆ ಮಾತಾಡಿಲ್ಲ ಅನ್ನೋ ಪ್ರಶ್ನೆಗೆ, ಕರ್ನಾಟಕದಲ್ಲಿ ಒಂದು ನಾಯಿ ಸತ್ತರೆ ಅದಕ್ಕೂ ಮೋದಿ ಉತ್ತರ ಕೊಡಬೇಕಾ ಅನ್ನೋ ಅರ್ಥದಲ್ಲಿ ಭಾಷಣ ಮಾಡಿದರು ಮುತಾಲಿಕ್. ಅವರ ಜತೆ ಗೌರಿಗೆ ಇದ್ದದ್ದು ದತ್ತಪೀಠದ ಕಾಲದಿಂದ ಬಂದ ವಿರೋಧ. ವಿರೋಧಿ ಸತ್ತಾಗ ನಮ್ಮ ಹಳ್ಳಿಗಳಲ್ಲಿ ಏನು ಮಾಡ್ತಾರೆ?

— ...ಮಾತಿಲ್ಲದಿದ್ದರೂ ಹೆಣ ನೋಡೋಕೆ ಹೋಗ್ತಾರೆ. ಒಂದು ಹಿಡಿ ಮಣ್ಣು ಹಾಕಿ ಬರ್ತಾರೆ.

— ಎರಡನೇದು 2023ರ ಫೆಬ್ರವರಿ, ಬಾಗಲಕೋಟೆ. ನಮ್ಮ ಒಬ್ಬ ಹುಡುಗಿ ಹೋದರೆ ಅವರ ಹತ್ತು ಹುಡುಗಿಯರನ್ನ ಬಲೆಗೆ ಹಾಕಿ ಅಂತ ಹುಡುಗರಿಗೆ ಕರೆ ಕೊಟ್ಟರು, ರಕ್ಷಣೆ, ಕೆಲಸ ಎರಡೂ ನಾವು ಕೊಡ್ತೀವಿ ಅಂದರು. ಪಬ್ಬಿನಲ್ಲಿ ಹೆಣ್ಣಿನ ಮಾನ ಕಾಯ್ತೀವಿ ಅಂದವರ ಮಾತು ಇದು. ನಿಮ್ಮ ಸಂಘದಲ್ಲಿ ಹದಿನೇಳು ಹದಿನೆಂಟರ ಹುಡುಗರು ಎಷ್ಟು ಜನ ಇದ್ದಾರೆ?

— ಅರ್ಧಕ್ಕರ್ಧ ಅವರೇ.

— ಪಾನಕ ಕುಡಿದು ಕೂತ ಆ ಹುಡುಗರಿಗೆ ಈ ಮಾತು ಕೇಳಿಸ್ತೀಯಾ? ಅವರಲ್ಲೊಬ್ಬ ಅದನ್ನ ನಿಜ ಅಂತ ನಂಬಿ ಹೊರಟರೆ ಜೈಲಿಗೆ ಹೋಗೋದು ಅವನು. ಕೋರ್ಟಿಗೆ ಅಲೆಯೋದು ಅವನ ಅಪ್ಪ. ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು, ವಾಯಿದೆಯಿಂದ ವಾಯಿದೆಗೆ. ಭಾಷಣಕಾರರು ಅಷ್ಟು ಹೊತ್ತಿಗೆ ಬೇರೆ ಜಿಲ್ಲೆಯಲ್ಲಿರ್ತಾರೆ.

— ನಮ್ಮೂರಲ್ಲೂ ಒಬ್ಬ ಹಾಗೆ ಅಲೀತಿದ್ದಾನೆ. ಬೇರೆ ಗಲಾಟೆ ಕೇಸು. ಅವನ ಪರ ಜಾಮೀನಿಗೆ ಪಹಣಿ ಕೊಟ್ಟಿದ್ದು ನಮ್ಮ ಚಿಕ್ಕಪ್ಪ. ಯಾವ ಸೇನೆಯೂ ಬರಲಿಲ್ಲ... ಆದರೆ ಸಾರ್, ಧರ್ಮ, ಸಂಪ್ರದಾಯ ಅಂದರೆ ಹುಡುಗರಿಗೆ ಅಭಿಮಾನ ಇದೆ. ಅದನ್ನ ಹೇಳಿಕೊಡೋರು ಬೇರೆ ಯಾರಿದ್ದಾರೆ? ನಿಮ್ಮ ಕಡೆಯವರು ಬಂದರೆ ಸಂವಿಧಾನ ಅಂತಾರೆ, ರಾಮನ ಹೆಸರೇ ಎತ್ತೋಲ್ಲ.

— ಆ ದೂರು ನ್ಯಾಯವಾದದ್ದು, ತಲೆಬಾಗಿ ಕೇಳಿಸಿಕೊಳ್ತೀನಿ. ರಾಮನನ್ನ ನಾವು ಬಿಟ್ಟುಕೊಟ್ಟೆವು, ಇನ್ನೊಬ್ಬರು ಎತ್ತಿಕೊಂಡರು. ಆದರೆ ಈ ಮುಳಬಾಗಿಲಲ್ಲೇ 1887ರಲ್ಲಿ ಡಿ.ವಿ. ಗುಂಡಪ್ಪ ಹುಟ್ಟಿದರು. ಅವರಿಗಿಂತ ಸಂಪ್ರದಾಯಸ್ಥರು ಬೇಕಾ? ರಾಮಾಯಣ, ಗೀತೆ, ಉಪನಿಷತ್ತು ಅವರ ಉಸಿರು. ಅದೇ ಮನುಷ್ಯ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಹೆಸರಿನ ಸಂಸ್ಥೆ ಕಟ್ಟಿ, ಸಾರ್ವಜನಿಕ ವಿಷಯವನ್ನ ಓದಿ, ಚರ್ಚೆ ಮಾಡಿ ತೀರ್ಮಾನಿಸೋದನ್ನ ಜನಕ್ಕೆ ಕಲಿಸಿದರು. ಧರ್ಮದ ಹೆಸರಲ್ಲಿ ಒಬ್ಬನ ಅಂಗಡಿ ಒಡೀಬೇಕು ಅಂತ ಅವರಿಗೆ ಎಂದೂ ಅನ್ನಿಸಲಿಲ್ಲ. ಶ್ರೀಪಾದರಾಜರ ಮಠ ಇಲ್ಲಿದೆ, ಆಂಜನೇಯನ ಗುಡಿ ಇಲ್ಲಿದೆ, ಹೈದರ್ ವಲಿ ದರ್ಗಾ ಇಲ್ಲಿದೆ. ನಿಮ್ಮಮ್ಮ ನಿನ್ನನ್ನ ದರ್ಗಾಕ್ಕೂ ಎತ್ತಿಕೊಂಡು ಹೋಗಿರಬೇಕು.

— ಹೋಗಿದ್ದಾಳೆ. ಚಿಕ್ಕವನಿದ್ದಾಗ ರಾತ್ರಿ ಬೆಚ್ಚಿ ಬೀಳ್ತಿದ್ದೆ ಅಂತ. ತಾಯಿತ ಕಟ್ಟಿಸಿದ್ದಳು.

— ಆ ಅಮ್ಮನ ಭಕ್ತಿಯಲ್ಲಿ ಏನು ಕಡಿಮೆ ಇತ್ತು?

— ಕಡಿಮೆ ಏನಿಲ್ಲ ಸಾರ್. ಆದರೆ ಇದನ್ನೆಲ್ಲ ನಾನು ಹೋಗಿ ಹೇಳಿದರೆ ಹುಡುಗರು ನನ್ನನ್ನೇ ಭಾಯಿ ಏಜೆಂಟು ಅಂತಾರೆ. ತೋಟ ಅವರಿಗೆ ಕೊಟ್ಟಾಗಲೂ ಅಂದಿದ್ದರು. ಭಾನುವಾರ ಸಭೆ ಇದೆ, ಹೆಸರು ಅವತ್ತೇ ಅಂತಿಮ ಆಗುತ್ತೆ. ನೀವೇ ಬಂದು ಹೇಳಿ.

— ಎಷ್ಟು ಗಂಟೆಗೆ?

— ಸಂಜೆ ಏಳಕ್ಕೆ, ಭಜನೆ ಮನೆಯಲ್ಲಿ. ಬಸ್ ಸ್ಟ್ಯಾಂಡಿಗೆ ಬೈಕು ತರ್ತೀನಿ. ಆದರೆ ಮೇಷ್ಟ್ರೇ, ಪಬ್ಬು, ಗೋವಾ ಅಂತ ಶುರು ಮಾಡಬೇಡಿ, ಎದ್ದು ಹೋಗ್ತಾರೆ. ಬಸ್ಸಿಗೆ ಕಲ್ಲು ಬಿದ್ದಾಗ ನೀವು ಎಲ್ಲಿದ್ದಿರಿ ಅಂತ ನನ್ನ ತಮ್ಮನೇ ಮೊದಲು ಎದ್ದು ಕೇಳ್ತಾನೆ.

— ಅವನು ಕೇಳೋವರೆಗೂ ಕಾಯೋದಿಲ್ಲ. ಮೊದಲು ನಿಮ್ಮ ಮನೆಗೆ ಬಂದು ನಿಮ್ಮಮ್ಮನನ್ನ ಮಾತಾಡಿಸಿ, ಅವನನ್ನೂ ಕರೆದುಕೊಂಡೇ ಭಜನೆ ಮನೆಗೆ ಹೋಗೋಣ. ಆರು ಗಂಟೆಗೇ ಬೈಕು ತಗೊಂಡು ಬಾ.